ಮೀನು ಕೂರದ ಹಲಗೆ

“ಕೂತು ನೋಡಿ ಮೇಡಂ, ಮನೆ ಸೋಫಾನೂ ಇಷ್ಟು ಮೆತ್ತಗಿರಲ್ಲ.”

ದೋಣಿ ಮಾರುವವನು ಚಾಲಕನ ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಸರ್ರನೆ ಎಳೆದು ಹಾಕಿದ. ಅಂಗಡಿಯ ನಟ್ಟನಡುವೆ, ಟ್ರೇಲರಿನ ಮೇಲೆ, ನೀರಿನ ಹನಿಯೂ ಇಲ್ಲದ ಕಡೆ ಆ ದೋಣಿ ಹಂಸದ ಹಾಗೆ ಕುತ್ತಿಗೆ ಎತ್ತಿ ನಿಂತಿತ್ತು. ಗೂಬೆ ಏಣಿ ಹತ್ತಿ ಒಳಗಿಳಿದಳು. ಮಂಡಿ ಲಟಕ್ಕೆಂದಿತು.

ಗೂಬೆ ಎನ್ನುವುದು ಪೊಲೀಸ್ ಇಲಾಖೆಯಲ್ಲಿದ್ದಾಗ ಬೆನ್ನ ಹಿಂದೆ ಬಿದ್ದ ಹೆಸರು. ಇವಳು ಕಾಲಿಟ್ಟ ಮನೆಗೆ ಒಳ್ಳೆಯ ಸುದ್ದಿ ಬರುವುದಿಲ್ಲ ಎಂದು ಯಾರೋ ಅಂದದ್ದು ಹಾಗೇ ಅಂಟಿಕೊಂಡಿತು. ನಿವೃತ್ತಿಯಾಗಿ, ಸ್ವಂತಕ್ಕೆ ಪತ್ತೇದಾರಿ ಕೆಲಸ ಹಿಡಿದ ಮೇಲೆ ಅವಳೇ ಆ ಹೆಸರನ್ನು ಒಪ್ಪಿಕೊಂಡುಬಿಟ್ಟಿದ್ದಳು. ಸುಳ್ಳೇನೂ ಅಲ್ಲವಲ್ಲ.

“ಇದು ಬೇರೆಯವರದ್ದು. ಇವತ್ತು ಮಧ್ಯಾಹ್ನ ಹೋಗುತ್ತೆ. ಇದೇ ಮಾದರೀದು ನಿಮಗೂ ತರಿಸಿಕೊಡ್ತೀನಿ,” ಎಂದ ಮಾರುವವನು. “ಮಕ್ಕಳಿಗಾ ಮೇಡಂ, ಮೊಮ್ಮಕ್ಕಳಿಗಾ?”

“ನನಗೇ.”

ಅವನು ಅವಳ ನರೆತ ತಲೆಯನ್ನೂ ಸೋಡಾಗ್ಲಾಸನ್ನೂ ನೋಡಿದ. ಆದರೂ ಮುಖದ ಮೇಲಿನ ನಗು ಒಂದೆಳೆ ಸಡಿಲವಾಗಲಿಲ್ಲ. “ಈ ವಯಸ್ಸಲ್ಲಿ ಶುರು ಮಾಡಿದೋರೇ ಗಟ್ಟಿಯಾಗಿ ನಿಲ್ಲೋದು ಮೇಡಂ,” ಎಂದ. ಕಸುಬು ಬಲ್ಲವನು.

ಗೂಬೆ ಚಕ್ರದ ಮೇಲೆ ಕೈಯಿಟ್ಟಳು. ಈ ದೋಣಿ ಹೋಗುವುದು ಎಲ್ಲಿಗೆ ಎನ್ನುವುದು ಅವಳಿಗೆ ಗೊತ್ತಿತ್ತು. ಜಲಾಶಯದ ದಡದಲ್ಲಿ, ದೋಣಿಯ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಸ್ಕೀ ಆಟದ ಕ್ಲಬ್ ನಡೆಸುವ ಯಜಮಾನ ಇದನ್ನು ಕೊಂಡಿದ್ದ. ಅವನ ಒಬ್ಬಳೇ ಮಗಳು, ಎಲ್ಲರೂ ಮೀನು ಎಂದೇ ಕರೆಯುತ್ತಿದ್ದ ಹುಡುಗಿ, ಬೇಸಿಗೆಯಲ್ಲಿ ಹಳೆಯ ದೋಣಿಯ ಹಿಂದೆ, ಅಲೆಯಿಲ್ಲದ ನೀರಿನಲ್ಲಿ, ಕೈಗೆಟಕುವಷ್ಟು ದೂರದಲ್ಲಿ ಮುಳುಗಿ ಸತ್ತಿದ್ದಳು. ಅಪಘಾತ ಎಂದು ಪೊಲೀಸರು ಕೈ ತೊಳೆದುಕೊಂಡರು. ಒಪ್ಪದವಳು ತಾಯಿ ಒಬ್ಬಳೇ. ಗೂಬೆಯ ಮನೆ ಹುಡುಕಿಕೊಂಡು ಬಂದವಳೂ ಅವಳೇ.

“ಮೀನು ಮುಳುಗುತ್ತಾ ಅಕ್ಕಾ?” ಎಂದು ಕೇಳಿದ್ದಳು. “ಮಗಳು ಹೋಗಿ ಕಣ್ಣೀರು ಆರಿಲ್ಲ, ಅಷ್ಟರಲ್ಲಿ ಇವರು ಹೊಸ ದೋಣಿ ತಗೊಂಡು ಕೂತಿದ್ದಾರೆ. ಎಂಥ ಅಪ್ಪ ಅಂತ ನೀವೇ ಕೇಳಿ.”

ಗೂಬೆ ಅದನ್ನೇ ಕೇಳಲು ಬಂದಿದ್ದಳು. “ಇದನ್ನ ತಗೊಂಡೋರು ಯಾವಾಗ ಬಂದು ತಗೊಂಡ್ರು?”

“ಬಂದು ತಗೊಂಡು ಹೋಗೋಕೆ ಇದೇನು ಸೊಪ್ಪಾ ಮೇಡಂ?” ಮಾರುವವನು ನಕ್ಕ. “ಬಣ್ಣ, ಸೀಟು, ಹಗ್ಗ ಕಟ್ಟೋ ಗೋಪುರ, ಎಲ್ಲ ಅವರವರ ಇಷ್ಟದ ಹಾಗೆ ಮಾಡಿಸಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ. ಚಳಿ ಮುಗಿಯೋ ಹೊತ್ತಿಗೆ ಹೇಳಿದ್ದು, ಈಗ ಬಂದಿದೆ.”

ಚಳಿ ಮುಗಿಯುವ ಹೊತ್ತಿಗೆ. ಆಗ ಹುಡುಗಿ ಬದುಕಿದ್ದಳು.

“ಒಬ್ಬರೇ ಬಂದಿದ್ರಾ?”

“ಅಪ್ಪ, ಮಗಳು ಇಬ್ಬರೂ.” ಅವನ ನಗು ಆಗ ಮೊದಲ ಸಲ ಮಾಸಿತು. “ಅಪ್ಪನಿಗೆ ಸ್ಕೀ, ಮಗಳಿಗೆ ವೇಕ್‌ಬೋರ್ಡ್. ಸ್ಕೀಗೆ ದೋಣಿ ಹಿಂದೆ ನೀರು ಕನ್ನಡಿ ಥರ ಇರಬೇಕು. ವೇಕ್‌ಬೋರ್ಡಿಗೆ ಎದ್ದು ನಿಲ್ಲೋ ಅಲೆ ಬೇಕು, ಅದರ ಮೇಲಿಂದ ಹಾರೋದೇ ಆಟ. ಇದರ ತಳದಲ್ಲಿ ತೊಟ್ಟಿಗಳಿವೆ ನೋಡಿ. ನೀರು ತುಂಬಿಸಿದ್ರೆ ದೋಣಿ ತಗ್ಗುತ್ತೆ, ಅಲೆ ಏಳುತ್ತೆ. ಖಾಲಿ ಮಾಡಿದ್ರೆ ನೀರು ಸಪಾಟು. ಇಬ್ಬರಿಗೂ ಆಗೋದು ಇದೊಂದೇ ಅಂತ ಗೊತ್ತಾದಾಗ ಆ ಹುಡುಗಿ ಅಪ್ಪನ ಬೆನ್ನು ಹತ್ತಿ ಕೂತುಬಿಟ್ಟಳು. ಇಲ್ಲೇ, ಈ ಅಂಗಡೀಲೇ.”

ಅವನು ನಾಲಿಗೆ ಕಚ್ಚಿಕೊಂಡ. ಸತ್ತವರ ಮಾತು ಹೇಳಿ ದೋಣಿ ಮಾರಲಾಗುವುದಿಲ್ಲ.

“ಮೊದಲು ಏನು ಕೇಳಿದ್ರು ಅವರು?”

“ಅದೇ ವಿಚಿತ್ರ ಮೇಡಂ. ಬಂದೋರೆಲ್ಲ ವೇಗ ಕೇಳ್ತಾರೆ, ಇಲ್ಲಾಂದ್ರೆ ಸ್ಪೀಕರ್ ಎಷ್ಟಿದೆ ಅಂತಾರೆ. ಅವರು ಕೇಳಿದ್ದು ಹೊಗೆ.”

“ಹೊಗೆ?”

“ಎಂಜಿನ್ ಹೊಗೆ ಎಲ್ಲಿಂದ ಆಚೆ ಬರುತ್ತೆ, ಹಿಂದಿನ ಹಲಗೆ ಮೇಲೆ ಕೂತೋರ ಮುಖಕ್ಕೆ ಹೊಡೆಯುತ್ತಾ ಅಂತ. ನೆಲದ ಮೇಲೆ ಅಂಗಾತ ಮಲಗಿ, ಟಾರ್ಚ್ ಬಿಟ್ಟು, ಕೊಳವೆ ನೋಡಿದ ಮೇಲೇನೇ ಬಣ್ಣದ ಮಾತಾಡಿದ್ದು.”

ಗೂಬೆ ದೋಣಿಯ ಹಿಂಭಾಗಕ್ಕೆ ನಡೆದಳು. ದೋಣಿಯ ಬಾಲಕ್ಕೆ ಜೋಡಿಸಿದ ಅಗಲವಾದ ಹಲಗೆ ಅದು. ಆಟಗಾರರು ಕೂತು ಕಾಲಿಗೆ ಬೋರ್ಡ್ ಕಟ್ಟಿಕೊಳ್ಳುವುದು, ನೀರಿನಿಂದ ಹತ್ತಿ ಬಂದು ಉಸಿರು ತಿರುಗಿಸಿಕೊಳ್ಳುವುದು ಅಲ್ಲೇ. ಮೀನು ಕೊನೆಯ ಸಲ ಕೂತಿದ್ದೂ ಹಳೆಯ ದೋಣಿಯ ಅಂಥದೇ ಹಲಗೆಯ ಮೇಲೆ. ಚಕ್ರದ ಮುಂದೆ ತಾಯಿ ಇದ್ದಳು. ಎಂಜಿನ್ ಸುಮ್ಮನೆ ಗುರುಗುಟ್ಟುತ್ತಿತ್ತು. ತಾಯಿ ತಿರುಗಿ ನೋಡಿದಾಗ ಹಲಗೆ ಖಾಲಿಯಾಗಿತ್ತು.

“ಹಳೆ ದೋಣಿ ಎಲ್ಲಿದೆ ಈಗ?”

“ಗುಜರಿಗೆ ಹೋಯ್ತು. ನಮಗೇ ಕೊಡೋ ಮಾತಾಗಿತ್ತು. ಆಮೇಲೆ ಬೇಡ ಅಂದ್ರು. ಎದುರಿಗೇ ನಿಂತು ಚೂರು ಚೂರು ಮಾಡಿಸಿದ್ರಂತೆ.”

ಗೂಬೆ ಏಣಿ ಇಳಿದಳು. ಅವನು ಬಣ್ಣದ ಹಾಳೆಯೊಂದನ್ನು ಕೈಗಿಟ್ಟ. ಇನ್ನೂ ಅವಳು ದೋಣಿ ಕೊಳ್ಳುತ್ತಾಳೆಂಬ ಆಸೆ ಅವನಿಗಿತ್ತು. ಆ ಊರಿನಲ್ಲಿ ಆ ಹೊತ್ತು ಆಸೆ ಇದ್ದವನು ಅವನೊಬ್ಬನೇ ಇರಬೇಕು.

ಅಂಗಡಿಯ ಹೊರಗೆ ಬಿಸಿಲು ಕಾರುಗಳ ಗಾಜಿನ ಮೇಲೆ ಕುದಿಯುತ್ತಿತ್ತು. ಗೂಬೆ ಗೋಡೆಯ ನೆರಳಿಗೆ ಸರಿದು ನಿಂತು, ಶವಪರೀಕ್ಷೆ ಮಾಡಿದ್ದ ವೈದ್ಯನಿಗೆ ಫೋನ್ ಮಾಡಿದಳು. ತಾಯಿ ಹೇಳಿದ್ದ ಒಂದು ಮಾತು ಅವಳ ತಲೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿತ್ತು. ‘ಅವಳು ಸತ್ತ ಹಾಗೇ ಕಾಣಲಿಲ್ಲ ಅಕ್ಕಾ. ಕೆನ್ನೆ ಕೆಂಪಗಿತ್ತು. ಆಟ ಆಡಿ ಬಂದು ಮಲಗಿದ ಹಾಗೆ. ಎದ್ದೇಳು ಅಂತ ನಾನು ಅಲ್ಲಾಡಿಸ್ತಾನೇ ಇದ್ದೆ.’

ತಾಯಂದಿರು ಹಾಗೆ ಹೇಳುತ್ತಾರೆ ಎಂದುಕೊಂಡು ಆ ದಿನ ಗೂಬೆ ಕಿವಿಗೆ ಹಾಕಿಕೊಂಡಿರಲಿಲ್ಲ.

“ಡಾಕ್ಟ್ರೇ, ಮುಳುಗಿ ಸತ್ತೋರ ಮೈ ಕೆಂಪಗಿರುತ್ತಾ?”

ಯಾವ ಹುಡುಗಿಯ ವಿಷಯ ಎಂದು ಅವನು ಕೇಳಲಿಲ್ಲ.

“ತಣ್ಣೀರಲ್ಲಿ ಇದ್ದ ದೇಹ ಕೆಲವು ಸಲ ಹಾಗಿರುತ್ತೆ,” ಎಂದ.

“ಎಂಜಿನ್ ಹೊಗೆ ಕುಡಿದ್ರೆ?”

“ಆಗಲೂ ಹಾಗೇ.” ಅವನ ದನಿ ಕುಗ್ಗಿತು. “ಅದರಲ್ಲಿರೋ ವಿಷಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆನೋವು, ವಾಂತಿ. ಜಾಸ್ತಿ ಆದ್ರೆ ನಿದ್ದೆ. ಎಚ್ಚರ ತಪ್ಪಿ ನೀರಿಗೆ ಜಾರಿದ್ರೆ ಈಜು ಬರೋದೂ ಒಂದೇ, ಬರದೇ ಇರೋದೂ ಒಂದೇ. ರಕ್ತ ನೋಡಿದ್ರೆ ಗೊತ್ತಾಗ್ತಿತ್ತು.”

“ನೋಡಿದ್ರಾ?”

“ನೀರಿಂದ ತೆಗೆದ ದೇಹ ಮೇಡಂ. ಜೊತೆಗೆ ಅಮ್ಮಾನೇ ಇದ್ದಾರೆ. ಅನುಮಾನ ಯಾಕೆ ಬರುತ್ತೆ?”

“ಈಗ?”

“ಈಗ ನೋಡೋಕೆ ಏನು ಉಳಿದಿದೆ?”

ಏನೂ ಉಳಿದಿರಲಿಲ್ಲ. ದೇಹ ಇಲ್ಲ, ರಕ್ತ ಇಲ್ಲ, ದೋಣಿಯೂ ಇಲ್ಲ. ಇದ್ದದ್ದು ಒಬ್ಬ ತಾಯಿಯ ನೆನಪಿನ ಕೆಂಪು ಕೆನ್ನೆ, ಒಬ್ಬ ಅಪ್ಪ ಅಂಗಡಿಯಲ್ಲಿ ಕೇಳಿದ ಪ್ರಶ್ನೆ. ಇವೆರಡನ್ನು ಹಿಡಿದುಕೊಂಡು ಠಾಣೆಗೆ ಹೋದರೆ ಅವಳ ಹಳೆಯ ಸಹೋದ್ಯೋಗಿಗಳೇ ಕಾಫಿ ಕೊಟ್ಟು ಕಳಿಸುತ್ತಾರೆ.

ಆದರೂ ಒಂದು ಸ್ಪಷ್ಟವಾಗಿತ್ತು. ಹಳೆಯ ದೋಣಿ ವಿಷ ಕಾರುತ್ತದೆ ಎಂದು ಯಜಮಾನನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮಗಳನ್ನು ಹತ್ತಿಸಿದ.

ಮಧ್ಯಾಹ್ನ ಅವಳು ಜಲಾಶಯಕ್ಕೆ ಹೋದಾಗ ಕ್ಲಬ್ಬಿನ ಬಾಗಿಲಿಗೆ ಬೀಗ ಹಾಕಿತ್ತು. ಹೊರಗಿನ ತಂತಿಯ ಮೇಲೆ ಲೈಫ್ ಜಾಕೆಟ್‌ಗಳು ಒಣಗಿ ಬಿರುಸಾಗಿ ತೂಗುತ್ತಿದ್ದವು. ಬೇಸಿಗೆಯಿಂದ ಅವನ್ನು ಯಾರೂ ಒಳಗೆ ತೆಗೆದಂತಿರಲಿಲ್ಲ. ಸ್ಕೀಗಳು ಗೋಡೆಗೆ ಒರಗಿದ್ದವು. ಬೋರ್ಡುಗಳ ಮೇಲೆ ಜೇಡ ಬಲೆ ಕಟ್ಟಿತ್ತು.

ಇಳಿಜಾರಿನ ಕೊನೆಯಲ್ಲಿ ಯಜಮಾನ ಮೊಣಕಾಲುದ್ದ ನೀರಿನಲ್ಲಿ ನಿಂತು ಹೊಸ ದೋಣಿಯನ್ನು ಟ್ರೇಲರಿನಿಂದ ಜಾರಿಸುತ್ತಿದ್ದ. ಬಿಸಿಲಿಗೆ ಕಂದಿದ ಭಾರೀ ಆಳು. ಒಂದು ಕಾಲದಲ್ಲಿ ಸ್ಕೀಯಲ್ಲಿ ಪದಕ ಗೆದ್ದ ಭುಜಗಳು ಈಗ ಹ್ಯಾಂಗರಿಗೆ ಹಾಕಿದ ಕೋಟಿನ ಹಾಗೆ ಜೋತುಬಿದ್ದಿದ್ದವು.

“ಅವಳು ಕಳಿಸಿದ್ಲಾ?” ಎಂದ, ತಿರುಗಿ ನೋಡದೆಯೇ.

“ಅವರು ಕೇಳ್ಕೊಂಡ್ರು. ಬಂದಿದ್ದು ನಾನಾಗಿ.”

“ಹಾಗಾದ್ರೆ ಹತ್ತಿ. ದಡದಲ್ಲಿ ನಿಂತು ಆಡೋ ಮಾತಲ್ಲ ಇದು.”

“ನನಗೆ ಈಜು ಬರಲ್ಲ.”

ಅವನು ದಡ ಹತ್ತಿ ಹೋಗಿ ತಂತಿಯ ಮೇಲಿಂದ ಒಂದು ಜಾಕೆಟ್ ತಂದ. ನೀಲಿ ಬಣ್ಣದ್ದು, ಹೆಗಲ ಬಳಿ ಹಲ್ಲಿನಿಂದ ಕಚ್ಚಿದ ಗುರುತು. ಯಾರದೆಂದು ಅವಳು ಕೇಳಲಿಲ್ಲ. ಅವನೇ ಬಗ್ಗಿ, ಚಿಕ್ಕ ಮಕ್ಕಳಿಗೆ ಹಾಕುವ ಹಾಗೆ, ಒಂದೊಂದೇ ಪಟ್ಟಿ ಎಳೆದು ಬಿಗಿದ. ಮುಳುಗಿಸುವವನು ಇಷ್ಟು ಜೋಪಾನವಾಗಿ ಜಾಕೆಟ್ ತೊಡಿಸುವುದಿಲ್ಲ ಎಂದು ಗೂಬೆ ತನಗೆ ತಾನೇ ಹೇಳಿಕೊಂಡಳು. ಆದರೂ ಪಟ್ಟಿಗಳನ್ನು ಇನ್ನೊಮ್ಮೆ ಎಳೆದು ನೋಡಿದಳು.

ಹೊಸ ದೋಣಿ ಬೆಣ್ಣೆಯಲ್ಲಿ ಚಾಕು ಇಳಿದಂತೆ ನೀರು ಸೀಳಿತು. ಹಿಂದೆ ಎದ್ದ ಅಲೆ ಎರಡೂ ಬದಿಗೆ ಮಡಿಚಿ ಬೀಳುತ್ತಿತ್ತು. ಅದರ ಮೇಲೆ ಹಾರಬೇಕಾದವಳು ಇರಲಿಲ್ಲ. ಯಜಮಾನ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಚಾಲಕನ ಮುಂದಿನ ಕನ್ನಡಿಯನ್ನು ಆಕಾಶದ ಕಡೆಗೆ ತಿರುಗಿಸಿಟ್ಟಿದ್ದ.

ದಡ ಗೆರೆಯಷ್ಟೇ ಕಾಣುವ ಕಡೆ ಎಂಜಿನ್ ಆರಿಸಿದ. ಸದ್ದು ನಿಂತ ಮೇಲೆ ನೀರು ದೋಣಿಯ ಹೊಟ್ಟೆಗೆ ತಟ್ಟುವುದು ಮಾತ್ರ ಕೇಳಿಸಿತು.

“ಯಾವಾಗಿಂದ ಗೊತ್ತಿತ್ತು?” ಎಂದಳು ಗೂಬೆ.

“ಏನು?”

“ಹೊಗೆ.”

ಅವನು ಚಕ್ರವನ್ನು ಬಿಟ್ಟು, ಎರಡೂ ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಶಾಲೆಯಲ್ಲಿ ತಪ್ಪು ಸಿಕ್ಕಿಬಿದ್ದ ಹುಡುಗ ಕೂರುವ ಹಾಗೆ.

“ಅಂಗಡಿಯವನು ಹೇಳಿದ್ನಾ?”

“ಅವನೂ ಹೇಳಿದ. ಮಗಳ ಕೆನ್ನೇನೂ ಹೇಳ್ತು.”

“ನಾನೂ ನೋಡ್ದೆ,” ಎಂದ. “ಎತ್ತಿಕೊಂಡ ತಕ್ಷಣ ಗೊತ್ತಾಯ್ತು. ನೀರು ಕುಡಿದು ಸತ್ತೋರನ್ನ ನಾನು ನೋಡಿದ್ದೀನಿ ಮೇಡಂ. ಆ ಬಣ್ಣ ಇರಲ್ಲ.”

“ಯಾವಾಗಿಂದ ಗೊತ್ತಿತ್ತು ಅಂದೆ.”

“ಚಳೀಲಿ. ಅಭ್ಯಾಸ ಮುಗಿಸಿ ದಡಕ್ಕೆ ಬಂದೋಳು ವಾಂತಿ ಮಾಡ್ಕೊಂಡು ಅಲ್ಲೇ ಕುಸಿದಳು. ತಲೆ ಸಿಡಿಯುತ್ತೆ ಅಪ್ಪಾ, ಹಿಂದೆ ಕೂತ್ರೆ ಏನೋ ಆಗುತ್ತೆ ಅಂದಳು. ನೋಡಿದ್ರೆ ಹೊಗೆ ಕೊಳವೆ ತುಕ್ಕು ಹಿಡಿದು ತೂತಾಗಿದೆ. ಬೆಸುಗೆ ಹಾಕಿಸ್ದೆ. ಮತ್ತೆ ಬಿಟ್ಕೊಂಡಿತು. ಆಗಲೇ ಹೊಸದು ತರೋಣ ಅಂತ ಹೋಗಿದ್ದು. ಬರೋವರೆಗೂ ಹೇಗೋ ಸುಧಾರಿಸೋಣ ಅಂದ್ಕೊಂಡೆ.”

“ಸುಧಾರಿಸೋಣ.”

“ಹೂಂ.” ಅವನು ಆ ಮಾತನ್ನು ತನ್ನ ಮುಖಕ್ಕೇ ಉಗುಳಿದಂತೆ ಹೇಳಿದ. “ಅವಳ ಸ್ಪರ್ಧೆ ಇತ್ತು. ದೋಣಿ ನಿಲ್ಲಿಸಿದ್ರೆ ಅಭ್ಯಾಸ ನಿಲ್ಲುತ್ತೆ.”

“ಪೊಲೀಸರ ಹತ್ರ ಯಾಕೆ ಬಾಯಿ ಬಿಡಲಿಲ್ಲ? ದೋಣಿ ಯಾಕೆ ಚೂರು ಮಾಡಿಸಿದ್ರಿ?”

“ನನ್ನನ್ನ ಒಳಗೆ ಹಾಕ್ತಾರೆ ಅಂತ ಅಂದ್ಕೊಂಡ್ರಾ?” ಯಜಮಾನ ನಕ್ಕ. ಆ ನಗು ನೋಡಲಾಗುತ್ತಿರಲಿಲ್ಲ. “ಹಾಕಿದ್ರೆ ನಿದ್ದೆನಾದ್ರೂ ಬರ್ತಿತ್ತು. ಅವತ್ತು ಚಕ್ರದ ಮುಂದೆ ಕೂತಿದ್ದು ಯಾರು ಹೇಳಿ.”

“ನಿಮ್ಮ ಹೆಂಡತಿ.”

“ಎಂಜಿನ್ ಆರಿಸದೆ ಬಿಟ್ಟಿದ್ದು?”

ಗೂಬೆ ಆರಿದ ಎಂಜಿನ್ನಿನ ಕೀಲಿಯನ್ನು ನೋಡಿದಳು.

“ಆರಿಸಿದ್ರೆ ಮತ್ತೆ ಹತ್ತಲ್ಲ, ಎಷ್ಟು ಹೊತ್ತಾದ್ರೂ ಓಡ್ತಾನೇ ಇರಲಿ ಅಂತ ಅವಳಿಗೆ ನಾನೇ ಹೇಳಿಕೊಟ್ಟಿದ್ದೆ. ಅವಳು ಹಾಗೇ ಮಾಡಿದಳು. ಹೊಗೆ ವಿಷಯ ಅವಳಿಗೆ ಗೊತ್ತೇ ಇಲ್ಲ. ಗೊತ್ತಾದ್ರೆ ಆ ಕ್ಷಣಾನೇ ಕ್ಲಬ್ ಮುಚ್ಚಿಸ್ತಾಳೆ ಅಂತ ನಾನೂ ಮಗಳೂ ಗುಟ್ಟು ಮಾಡಿದ್ವಿ. ಹೊಸ ದೋಣಿ ವಿಷಯಾನೂ ಹೇಳಿರಲಿಲ್ಲ. ಈಗ ಹೋಗಿ, ನೀನು ಸುಮ್ಮನೆ ಓಡಿಸ್ತಾ ಕೂತಿದ್ದೆಯಲ್ಲ, ಅದೇ ಮಗಳನ್ನ ಕೊಂದಿದ್ದು ಅಂತ ಹೇಳ್ಲಾ? ಮುಳುಗಿದಳು ಅಂದ್ರೆ ನೀರನ್ನ ಬೈಕೊಂಡಿರ್ತಾಳೆ. ನನ್ನನ್ನ ಬೈಕೊಂಡಿರ್ತಾಳೆ. ಹೇಗೋ ಇರ್ತಾಳೆ.”

ನೀರು ತಟ್ಟುತ್ತಲೇ ಇತ್ತು.

ಗೂಬೆಗೆ ಇಂಥ ಜಾಗ ಹೊಸದಲ್ಲ. ನಿಜ ಹೊತ್ತುಕೊಂಡು ಹೋಗಿ ಕೊಟ್ಟ ಯಾವ ಮನೆಯವರೂ ಅವಳನ್ನು ಇನ್ನೊಂದು ಸಲ ಒಳಗೆ ಕರೆದಿರಲಿಲ್ಲ. ಆದರೂ ಕೊಡುವುದನ್ನು ಅವಳು ಬಿಟ್ಟಿರಲಿಲ್ಲ. ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಇವತ್ತು ಮೊದಲ ಬಾರಿಗೆ, ಈ ಮನುಷ್ಯ ಮುಚ್ಚಿಟ್ಟಿದ್ದನ್ನು ಹಾಗೇ ಮುಚ್ಚಿಡೋಣವೇ ಎನ್ನಿಸಿತು. ಯಾರಿಗೆ ಏನು ದಕ್ಕುತ್ತದೆ ಇದರಿಂದ? ಹುಡುಗಿ ಬರುವುದಿಲ್ಲ. ಅಪ್ಪ ಆಗಲೇ ಅರ್ಧ ಸತ್ತಿದ್ದಾನೆ. ಅಮ್ಮನಿಗೆ ಉಳಿದಿರುವುದು ಕೋಪ ಒಂದೇ, ಅದನ್ನೂ ಕಿತ್ತುಕೊಂಡರೆ ಅವಳು ಯಾವುದನ್ನು ಹಿಡಿದುಕೊಂಡು ನಿಲ್ಲುತ್ತಾಳೆ?

“ಹೊಸ ದೋಣಿ ಬೇಡ ಅನ್ನಬಹುದಿತ್ತಲ್ಲ,” ಎಂದಳು, ಮಾತಿಗೆ ಮಾತು.

“ಬಣ್ಣ ಅವಳು ಆರಿಸಿದ್ದು.” ಅವನು ಸೀಟಿನ ಅಂಚನ್ನು ಸವರಿದ. ಆಮೇಲೆ, “ಅಂಗಡಿಯಿಂದ ಫೋನ್ ಬಂತು. ನಿಮ್ಮ ದೋಣಿ ಬಂದಿದೆ ಅಂದ್ರು. ಬೇಡ ಅನ್ನೋಕೆ ಬಾಯಿ ತೆಗೆದೆ, ಬರಲಿಲ್ಲ.”

ಗೂಬೆ ಎದ್ದು ದೋಣಿಯ ಹಿಂಬದಿಯ ಹಲಗೆಯನ್ನು ನೋಡಿದಳು. ಒಂದು ವಿಷಯ ಮಾತ್ರ ಅವಳಿಗೆ ಹೊಂದುತ್ತಿರಲಿಲ್ಲ. “ಒಂದು ಕೇಳ್ಲಾ? ಹೊಗೆ ಗೊತ್ತಾದ ಮೇಲೂ ಆ ಜಾಗದಲ್ಲಿ ಕೂರೋದನ್ನ ಬಿಡಿಸೋಕೆ ಆಗಲಿಲ್ವಾ ನಿಮ್ಮ ಕೈಲಿ?”

“ಯಾವ ಜಾಗ?”

“ಹಿಂದಿನ ಹಲಗೆ. ನಿಮ್ಮ ಹೆಂಡತಿ ಹೇಳಿದ್ರು. ಅದು ಅವಳ ಜಾಗ, ದಿನಾ ಅಲ್ಲೇ ಕಾಲು ಇಳಿಬಿಟ್ಟು ಕೂರ್ತಿದ್ದಳು, ಅವತ್ತೂ ತಾನಾಗೇ ಹೋಗಿ ಕೂತಳು ಅಂತ.”

ಯಜಮಾನ ತಲೆಯೆತ್ತಿದ. ಹುಬ್ಬು ಗಂಟಿಕ್ಕಿತು.

“ಮುಂಚೆ ಕೂರ್ತಿದ್ದಳು. ಆ ವಾಂತಿ ಆದ ದಿನದಿಂದ ಅದರ ಹತ್ರಾನೂ ಸುಳೀತಿರಲಿಲ್ಲ. ಬೋರ್ಡ್ ಕೂಡ ದಡದಲ್ಲೇ ಕಟ್ಕೊಂಡು ನೀರಿಗೆ ಇಳೀತಿದ್ದಳು. ಅಂಗಡೀಲಿ ಹೊಗೆ ಎಲ್ಲಿಂದ ಬರುತ್ತೆ ಅಂತ ಪ್ರಾಣ ತಿಂದೋಳೂ ಅವಳೇ, ನಾನಲ್ಲ. ನೆಲದ ಮೇಲೆ ಅಂಗಾತ ಮಲಗಿ ಕೊಳವೆ ನೋಡಿದ್ದು ಅವಳು.”

ಅಂಗಡಿಯವನು ಅಪ್ಪ, ಮಗಳು ಇಬ್ಬರನ್ನೂ ಸೇರಿಸಿ ‘ಅವರು’ ಎಂದಿದ್ದ. ಗೂಬೆ ಅದನ್ನು ಅಪ್ಪನೊಬ್ಬನೇ ಎಂದುಕೊಂಡಿದ್ದಳು. ಪೂರ್ತಿ ಬೆಳಗಿನ ಲೆಕ್ಕಾಚಾರ ಆ ಒಂದು ಮಾತಿನ ಮೇಲೆ ನಿಂತಿತ್ತು.

“ಹಾಗಾದ್ರೆ ಅವತ್ತು ಯಾಕೆ ಕೂತಳು?”

“ಅದನ್ನೇ ದಿನಾ ಬೆಳಿಗ್ಗೆ ಎದ್ದು ಕೇಳ್ಕೋತೀನಿ.” ಅವನು ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡ. “ಮರೆತಳಾ? ಮರೆಯೋ ಹುಡುಗಿ ಅಲ್ಲ. ಬೇಕಂತಲೇ ಹೋಗಿ ಕೂತಳಾ? ಅದನ್ನ ಯೋಚಿಸಿದ್ರೆ ಹುಚ್ಚು ಹಿಡಿಯುತ್ತೆ ಮೇಡಂ.”

“ಮನೇಲಿ ಏನಾದ್ರೂ ಆಗಿತ್ತಾ?”

“ಅಮ್ಮ, ಮಗಳು ಮಾತು ಬಿಟ್ಟಿದ್ರು. ನೀರು, ದೋಣಿ ಎಲ್ಲ ಸಾಕು, ಓದು ಮುಗಿಸು ಅಂತ ಅವಳು. ನಾನು ಈ ಮನೆ ಬಿಟ್ಟೇ ಹೋಗ್ತೀನಿ ಅಂತ ಇವಳು. ಒಂದೇ ಮೇಜಿಗೆ ಊಟಕ್ಕೆ ಕೂರ್ತಿರಲಿಲ್ಲ.” ಅವನು ಕೈ ಇಳಿಸಿದ. “ಇಬ್ಬರನ್ನೇ ದೋಣೀಲಿ ಕಳಿಸಿದ್ರೆ ನೀರಿನ ಮಧ್ಯೆ ಎಲ್ಲಿಗೆ ಓಡ್ತಾರೆ, ಮಾತಾಡ್ಕೊಂಡು ಬರ್ತಾರೆ ಅಂತ ನಾನೇ ಕಳಿಸ್ದೆ. ನಾನೇ ದಡದಿಂದ ದೋಣಿ ತಳ್ಳಿದ್ದು.”

ಗೂಬೆ ಹುಡುಕಿಕೊಂಡು ಬಂದಿದ್ದು ಒಬ್ಬ ತಪ್ಪಿತಸ್ಥನನ್ನು. ಅವನು ಸಿಕ್ಕಿದ್ದ, ಒಪ್ಪಿಕೊಂಡೂ ಇದ್ದ. ಆದರೆ ಅವನ ತಪ್ಪಿನಿಂದ ಹೊಗೆ ಬಂತೇ ಹೊರತು, ಹುಡುಗಿ ಆ ಹಲಗೆಗೆ ಬರಲಿಲ್ಲ. ಜಗಳವಾಡಿ ಮಾತು ಬಿಟ್ಟ ಹುಡುಗಿ ಚಕ್ರದ ಮುಂದಿದ್ದ ಅಮ್ಮನಿಂದ ದೂರ ಕೂರಬೇಕೆಂದು, ಬೇರೆ ಜಾಗವಿಲ್ಲದೆ, ಅಲ್ಲಿಗೆ ಹೋಗಿರಬಹುದು. ಅಷ್ಟೇ ಇರಬಹುದು. ಹಾಗಿದ್ದರೂ ‘ದಿನಾ ಅಲ್ಲೇ ಕೂರ್ತಿದ್ದಳು’ ಎಂದು ತಾಯಿ ಯಾಕೆ ಹೇಳಿದಳು?

“ವಾಪಸ್ ಹೋಗೋಣ,” ಎಂದಳು.

ದಡ ಹತ್ತಿರವಾದಂತೆ ಕಟ್ಟೆಯ ತುದಿಯಲ್ಲಿ ಯಾರೋ ನಿಂತಿರುವುದು ಕಂಡಿತು. ಮನೆಯಲ್ಲಿ ಉಡುವ ಬಟ್ಟೆ, ಬರಿಗಾಲು, ಬಾಚದ ತಲೆ. ಮಗಳು ಸತ್ತ ಮೇಲೆ ನೀರಿನ ಕಡೆ ತಲೆ ಹಾಕುವುದಿಲ್ಲ ಎಂದಿದ್ದ ತಾಯಿ.

ಯಜಮಾನ ಎಂಜಿನ್ ನಿಧಾನ ಮಾಡಿದ. “ಅವಳಿಗೆ ಹೇಳಬೇಡಿ,” ಎಂದ, ತುಟಿ ಅಲುಗಾಡಿಸದೆ. “ನನ್ನ ಮೇಲೆ ಏ‌ನು ಬೇಕಾದ್ರೂ ಹಾಕಿ. ಹೊಗೆ ಅನ್ನೋ ಮಾತು ಮಾತ್ರ ಎತ್ತಬೇಡಿ.”

ಗೂಬೆ ಕಟ್ಟೆಯ ಕಡೆಗೇ ನೋಡುತ್ತಿದ್ದಳು.

ದೋಣಿ ಕಟ್ಟೆಗೆ ತಾಗಿತು. ಯಜಮಾನ ಹಗ್ಗ ಎಸೆದ. ಹೆಂಡತಿ ಅದನ್ನು ಹಿಡಿದು, ಗೂಟಕ್ಕೆ ಎರಡು ಸುತ್ತು ಸುತ್ತಿ, ಗಂಟು ಹಾಕಿದಳು. ಎಷ್ಟೋ ವರ್ಷದಿಂದ ಮಾಡುತ್ತಿದ್ದ ಕೆಲಸ, ಕೈ ಮರೆತಿರಲಿಲ್ಲ. ಗಂಡನ ಮುಖ ನೋಡಲಿಲ್ಲ. ಗೂಬೆಯ ಮೈಮೇಲಿದ್ದ ನೀಲಿ ಜಾಕೆಟನ್ನು ಮಾತ್ರ ಒಂದು ಗಳಿಗೆ ನೋಡಿದಳು.

“ಏನಾದ್ರೂ ಗೊತ್ತಾಯ್ತಾ ಅಕ್ಕಾ?”

“ಇನ್ನೂ ಇಲ್ಲಮ್ಮ,” ಎಂದಳು ಗೂಬೆ. ಇಷ್ಟು ವರ್ಷದ ಕೆಲಸದಲ್ಲಿ ತನ್ನ ಕಡೆಯವರಿಗೆ ಅವಳು ಹೇಳಿದ ಮೊದಲ ಸುಳ್ಳು. ಹೇಳಿದ ಮೇಲೆ ಬಾಯಿ ಕಹಿಯಾಯಿತು.

“ಚೆನ್ನಾಗಿದೆ ದೋಣಿ,” ಎಂದಳು ತಾಯಿ. ಕಟ್ಟೆಯ ಮೇಲೆ ಮೆಲ್ಲಗೆ ನಡೆಯುತ್ತ, ಹೊಳೆಯುವ ಬದಿಯನ್ನು ಬೆರಳಿನಿಂದ ಸವರುತ್ತ, ಹಿಂಭಾಗಕ್ಕೆ ಹೋದಳು. ಅಲ್ಲಿ ಮಂಡಿಯೂರಿ, ಹಲಗೆಯ ಕೆಳಕ್ಕೆ ಬಗ್ಗಿ ನೋಡಿದಳು. ಎಂಜಿನ್ ಇನ್ನೂ ಗುರುಗುಟ್ಟುತ್ತಿತ್ತು.

“ಇದರ ಕೊಳವೆ ಎಲ್ಲಿದೆ? ಕಾಣ್ತಾ ಇಲ್ಲ.”

“ನೀರೊಳಗಿದೆ,” ಎಂದ ಯಜಮಾನ, ಯೋಚಿಸುವ ಮುಂಚೆ. “ಹೊಸದರಲ್ಲಿ ಹಾಗೇ. ಮೇಲಕ್ಕೆ ಬರಲ್ಲ.”

“ಒಳ್ಳೇದು. ಹಾಗಾದ್ರೆ ಇಲ್ಲಿ ಕೂತೋರಿಗೆ ನಿದ್ದೆ ಬರಲ್ಲ.”

ಅವಳು ಅದನ್ನು ಬಿಸಿಲು ಜಾಸ್ತಿಯಾಯಿತು ಅನ್ನುವ ಹಾಗೆ ಹೇಳಿದಳು. ಯಜಮಾನನ ಕೈ ಕೀಲಿಯ ಮೇಲೆ ಹಾಗೇ ನಿಂತಿತು. ಅವನು ಗೂಬೆಯ ಕಡೆ ತಿರುಗಿದ. ನೀವು ಹೇಳಿದ್ರಾ ಎಂದು ಕಣ್ಣಿನಲ್ಲೇ ಕೇಳಿದ. ಗೂಬೆ ಇಲ್ಲವೆಂದು ತಲೆಯಾಡಿಸಿದಳು. ಅವನು ಹೇಳಿರಲಿಲ್ಲ. ವೈದ್ಯ ಯಾರಿಗೂ ಹೇಳಿರಲಿಲ್ಲ. ಹೇಳಬಹುದಾಗಿದ್ದ ಇನ್ನೊಬ್ಬಳು ಈಗ ಇರಲಿಲ್ಲ.

ತಾಯಿ ಕಟ್ಟೆಯಿಂದ ಹಲಗೆಯ ಮೇಲಕ್ಕೆ ಇಳಿದಳು. ಕೂತು, ಬರಿಗಾಲನ್ನು ನೀರಿಗೆ ಇಳಿಬಿಟ್ಟಳು.

“ಬನ್ನಿ ಅಕ್ಕಾ, ಇಲ್ಲಿ ನನ್ನ ಪಕ್ಕ ಕೂತ್ಕೊಳ್ಳಿ. ಒಂದು ಮಾತಿದೆ.”

ಗೂಬೆ ಕದಲಲಿಲ್ಲ.

ತಾಯಿ ಹೆಗಲ ಮೇಲಿಂದ ತಿರುಗಿ ನೋಡಿದಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ, ಅಳುವೂ ಇರಲಿಲ್ಲ.

“ಅವತ್ತು ನಾನು ಕರೆದಾಗ ಅವಳೂ ಮೊದಲು ಹೀಗೇ ನಿಂತಿದ್ದಳು,” ಎಂದಳು.